ಗಂಡ ಇಲ್ಲ ಅನ್ನೋದು ತೊಡಕಲ್ಲ, ಪಾಸ್‌ಪೋರ್ಟ್ ತೊಡಕು

ಪ್ರಶ್ನೆ: ನನಗೆ 41 ವರ್ಷ. ಮದುವೆ ಆಗಿಲ್ಲ, ಆಗುವ ಯೋಚನೆಯೂ ಇಲ್ಲ. ಊರು ಧಾರವಾಡ, ಹದಿನಾಲ್ಕು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದೇನೆ, ಗ್ರೀನ್ ಕಾರ್ಡ್ ಸಿಕ್ಕಿ ಎರಡು ವರ್ಷ ಆಯಿತು. ಇಂಡಿಯಾದಿಂದ ಒಂದು ಅನಾಥ ಮಗುವನ್ನು ದತ್ತು ತೆಗೆದುಕೊಳ್ಳಬೇಕು ಅಂತ ಮೂರು ವರ್ಷದಿಂದ ಒದ್ದಾಡುತ್ತಿದ್ದೇನೆ. ಇಲ್ಲಿನ ಎರಡು ಏಜೆನ್ಸಿಗಳು ಆಗಲ್ಲ ಅಂದವು. ಒಂಟಿ ಹೆಂಗಸು ಅಂತಲೇ ಇರಬೇಕು. ಊರಲ್ಲಿ ದೊಡ್ಡಪ್ಪನ ಮಗ, ಪರಿಚಯದ ನರ್ಸ್ ಒಬ್ಬರು ಮಗು ಕೊಡಿಸುತ್ತಾರೆ, ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ದತ್ತಕ ಪತ್ರ ಮಾಡಿಸಿಬಿಡೋಣ ಅನ್ನುತ್ತಾನೆ. ಅಕ್ಕ ತನ್ನ ಎರಡನೇ ಮಗನನ್ನೇ ಕರ್ಕೊಂಡು ಹೋಗು ಅನ್ನುತ್ತಾಳೆ. ಅಮ್ಮ ಇದೆಲ್ಲ ಬೇಡವೇ ಬೇಡ ಅನ್ನುತ್ತಾಳೆ. ಯಾವ ದಾರಿ ಸರಿ?

ಉತ್ತರ: ಮೊದಲು ಒಂದು ವಿಷಯ ತಲೆಯಿಂದ ತೆಗೆದುಹಾಕಿ. ಒಂಟಿ ಹೆಂಗಸು ಅಂತ ಆ ಏಜೆನ್ಸಿಗಳು ಬೇಡ ಅಂದಿರುವ ಸಾಧ್ಯತೆ ಕಡಿಮೆ. ಗ್ರೀನ್ ಕಾರ್ಡ್ ಸಿಕ್ಕಿ ಎರಡು ವರ್ಷ ಅಂತ ಅರ್ಧ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಲ್ಲ, ತೊಡಕು ಇರುವುದು ಅಲ್ಲಿ.

ಮೊದಲು ಒಂಟಿತನದ ಮಾತು ಮುಗಿಸೋಣ. ನಮ್ಮಲ್ಲಿ ದತ್ತು ನಡೆಯುವುದು 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ. ಅದರ 57ನೇ ಕಲಮು ಮದುವೆ ಆಗದವರೂ ವಿಚ್ಛೇದನ ಆದವರೂ ದತ್ತು ತೆಗೆದುಕೊಳ್ಳಬಹುದು ಅಂತ ನೇರವಾಗಿ ಹೇಳುತ್ತದೆ. ನಿರ್ಬಂಧ ಇರುವುದು ಒಂಟಿ ಗಂಡಸಿಗೆ, ಅವನಿಗೆ ಹೆಣ್ಣುಮಗು ಕೊಡುವುದಿಲ್ಲ. ನಿಮಗೆ ಗಂಡಾದರೂ ಸರಿ, ಹೆಣ್ಣಾದರೂ ಸರಿ. ಅಮೆರಿಕದ ಕಾನೂನಲ್ಲೂ ಅಷ್ಟೇ, ಅವಿವಾಹಿತರಿಗೆ 25 ವರ್ಷ ಆಗಿರಬೇಕು ಅನ್ನುವುದು ಬಿಟ್ಟರೆ ಬೇರೆ ತಕರಾರಿಲ್ಲ. ಹಾಗಂತ ಎಲ್ಲ ದೇಶಗಳೂ ಹೀಗೇ ಅಲ್ಲ. ದಕ್ಷಿಣ ಕೊರಿಯಾ ವಿದೇಶಕ್ಕೆ ಮಗು ಕಳಿಸುವಾಗ ಗಂಡ ಹೆಂಡತಿ ಇಬ್ಬರೂ ಇರುವ ಮನೆಯನ್ನೇ ಕೇಳುತ್ತದೆ. ಅಮೆರಿಕದ ಪಾಪ್ ಗಾಯಕಿ ಮಡೋನ್ನಾ ಗೊತ್ತಲ್ಲ, ವಿಚ್ಛೇದನ ಆದ ಮೇಲೆ 2009ರಲ್ಲಿ ಆಫ್ರಿಕಾದ ಮಲಾವಿಯಿಂದ ಎರಡನೇ ಮಗು ತರಲು ಹೋದಾಗ ಕೆಳ ಕೋರ್ಟು ನೀವು ಈ ದೇಶದಲ್ಲಿ ವಾಸ ಮಾಡಿಲ್ಲ ಅಂತ ಅರ್ಜಿ ತಳ್ಳಿಹಾಕಿತು, ಎರಡು ತಿಂಗಳ ಮೇಲೆ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಿತು. ಅಷ್ಟು ದುಡ್ಡು, ಅಷ್ಟು ಹೆಸರು ಇದ್ದವರಿಗೂ ಸಿಕ್ಕಿಕೊಂಡಿದ್ದು ವಾಸದ ಪ್ರಶ್ನೆ ನೋಡಿ. ನಿಮ್ಮದೂ ಹೆಚ್ಚುಕಡಿಮೆ ಅದೇ ಜಾತಿಯ ಕಷ್ಟ.

ಕಾನೂನು ಒಪ್ಪಿದರೂ ಜನ ಒಪ್ಪುವುದಿಲ್ಲ ಅನ್ನುವುದು ಮಾತ್ರ ನಿಜ, ಅದನ್ನು ಮುಚ್ಚಿಡುವುದಿಲ್ಲ. ಮಹಾರಾಷ್ಟ್ರದ ಭುಸಾವಳದಲ್ಲಿ ವಿಚ್ಛೇದಿತ ಶಿಕ್ಷಕಿಯೊಬ್ಬರು ತಂಗಿಯ ಮಗುವನ್ನು ದತ್ತು ಕೇಳಿದರು. ಕೆಲಸಕ್ಕೆ ಹೋಗುವ ಹೆಂಗಸು ಮಗುವಿನ ಕಡೆ ಗಮನ ಕೊಡಲಾರಳು ಅಂತ ಅಲ್ಲಿನ ಕೋರ್ಟು ಇಲ್ಲ ಅಂದಿತು. 2023ರ ಏಪ್ರಿಲ್‌ನಲ್ಲಿ ಬಾಂಬೆ ಹೈಕೋರ್ಟು ಆ ಆದೇಶ ರದ್ದು ಮಾಡಿ, ಇದು ಹಳೇ ಕಾಲದ ಮನಸ್ಥಿತಿ ಅಂತ ಚೆನ್ನಾಗಿಯೇ ಬೈದಿತು. ಒಂಟಿಯಾಗಿ ದತ್ತು ತೆಗೆದುಕೊಳ್ಳುವವರು ಸಾಮಾನ್ಯವಾಗಿ ಕೆಲಸಕ್ಕೆ ಹೋಗುವವರೇ ಆಗಿರುತ್ತಾರೆ, ಇಲ್ಲದಿದ್ದರೆ ಮನೆ ನಡೆಯುವುದು ಹೇಗೆ, ಅಲ್ವಾ? ದತ್ತು ಕೇಳಿದ ಒಂಟಿ ಹೆಂಗಸೊಬ್ಬರ ಜೊತೆ ನಾನು ಹೋದ ಒಂದು ಕಚೇರಿಯಲ್ಲೂ ಗುಮಾಸ್ತರು ಅರ್ಜಿ ತಿರುಗಿಸಿ ತಿರುಗಿಸಿ ನೋಡಿ 'ಯಜಮಾನರ ಸಹಿ ಎಲ್ಲಿ' ಅಂತ ಮೂರು ಸಲ ಕೇಳಿದರು. ಮೂರನೇ ಸಲ ಆಕೆ 'ಯಜಮಾನಿ ನಾನೇ' ಅಂದರು. ಕೆಲಸ ಆಯಿತು.

ಈಗ ಪಾಸ್‌ಪೋರ್ಟಿಗೆ ಬರೋಣ, ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ದೇಶ ದೇಶಗಳ ನಡುವಿನ ದತ್ತಿಗೆ ನಿಯಮ ಹಾಕಿದ 1993ರ ಹೇಗ್ ಒಪ್ಪಂದದಲ್ಲಿ ಇಂಡಿಯಾ, ಅಮೆರಿಕ ಎರಡೂ ಇವೆ. ಇಂಡಿಯಾ 2003ರಲ್ಲಿ ಸೇರಿತು, ಅಮೆರಿಕದಲ್ಲಿ 2008ರ ಏಪ್ರಿಲ್‌ನಿಂದ ಜಾರಿಗೆ ಬಂತು. ಈ ಒಪ್ಪಂದದ ಪ್ರಕಾರ ಮಗು ಹೊರಡುವ ಮೊದಲೇ ಅದನ್ನು ಬರಮಾಡಿಕೊಳ್ಳುವ ದೇಶ 'ಇದು ಇಲ್ಲಿಗೆ ಬಂದು ಕಾಯಂ ಆಗಿ ಇರಬಹುದು' ಅಂತ ಬರೆದುಕೊಡಬೇಕು. ಅಮೆರಿಕದಲ್ಲಿ ಅದಕ್ಕೆ ಮೊದಲ ಅರ್ಜಿ ಐ-800ಎ. ಅದನ್ನು ಹಾಕಲು ಅಮೆರಿಕದ ನಾಗರಿಕರಿಗೆ ಮಾತ್ರ ಹಕ್ಕು. ಗ್ರೀನ್ ಕಾರ್ಡ್ ಬರೀ ಕಾಯಂ ವಾಸದ ಪರವಾನಗಿ, ಅದು ಸಾಲದು. ಎಚ್-1ಬಿ ಅನ್ನುವ ಕೆಲಸದ ವೀಸಾ ಅಂತೂ ಇಲ್ಲವೇ ಇಲ್ಲ. ನಮ್ಮ ಕಡೆ ದತ್ತಿನ ಉಸ್ತುವಾರಿ ನೋಡುವುದು ದೆಹಲಿಯ ಕಾರಾ, ಅಂದರೆ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ. ವಿದೇಶದಲ್ಲಿ ಇರುವವರ ಅರ್ಜಿ ಆ ದೇಶದ ಮಾನ್ಯತೆ ಪಡೆದ ಏಜೆನ್ಸಿಯ ಮೂಲಕವೇ ಅದಕ್ಕೆ ಬರಬೇಕು. ಆ ಏಜೆನ್ಸಿ ನಿಮ್ಮ ಫೈಲು ತೆರೆದು ಮೊದಲು ನೋಡುವುದೇ ನೀವು ನಾಗರಿಕರೋ ಅಲ್ಲವೋ ಅಂತ. ನೋಡಿದರು, ಮುಚ್ಚಿದರು. ಕಾರಣ ನೆಟ್ಟಗೆ ಹೇಳಲಿಲ್ಲ, ಅದು ಅವರ ತಪ್ಪು.

ಇದರಲ್ಲಿ ಒಂದು ವಿಚಿತ್ರ ಇದೆ. ಇಂಡಿಯನ್ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐಗಳನ್ನು ಕಾರಾ ದೇಶದೊಳಗೆ ಇರುವವರ ಸಮಕ್ಕೆ ನೋಡುತ್ತದೆ. ನೀವು ಅಮೆರಿಕದ ಪ್ರಜೆ ಆದ ದಿನವೇ ನಿಮ್ಮ ಇಂಡಿಯನ್ ಪೌರತ್ವ ಹೋಗುತ್ತದೆ, ಆಮೇಲೆ ಅರ್ಜಿ ಹಾಕಿ ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಕಾರ್ಡಿನವರು, ಆಗಬಹುದು, ಆದರೆ ಸಾಲಿನಲ್ಲಿ ಒಂದು ಮೆಟ್ಟಿಲು ಹಿಂದೆ. ಮಗು ಕಾನೂನಿನ ಪ್ರಕಾರ ದತ್ತಿಗೆ ಮುಕ್ತ ಅಂತ ಘೋಷಣೆ ಆಗಿ 60 ದಿನದೊಳಗೆ ಇಂಡಿಯನ್ ಅಥವಾ ಎನ್‌ಆರ್‌ಐ ಮನೆ ಸಿಗದಿದ್ದರೆ ಮಾತ್ರ ಅದು ವಿದೇಶಕ್ಕೆ ಹೋಗಬಹುದು, ಆಗ ಒಸಿಐಗಳಿಗೆ ಬೇರೆ ವಿದೇಶಿಯರಿಗಿಂತ ಆದ್ಯತೆ. ಅಂದರೆ ಮಗು ಸಿಗುವುದು ಸುಲಭ ಆಗಬೇಕಾದರೆ ಇಂಡಿಯನ್ ಆಗಿರಬೇಕು, ಸಿಕ್ಕ ಮಗುವನ್ನು ಮನೆಗೆ ಕರೆದೊಯ್ಯಬೇಕಾದರೆ ಅಮೆರಿಕನ್ ಆಗಿರಬೇಕು. ಎರಡೂ ಒಟ್ಟಿಗೆ ಆಗಲ್ಲ. ನಿಮ್ಮಂಥವರು ಈ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತಾರೆ, ಯಾರೂ ಮೊದಲೇ ಹೇಳುವುದಿಲ್ಲ.

ಹಾಗಾದರೆ ನಿಮಗಿರುವ ದಾರಿ ಎರಡು. ಒಂದು, ಕಾಯುವುದು. ಗ್ರೀನ್ ಕಾರ್ಡ್ ಸಿಕ್ಕ ಐದು ವರ್ಷಕ್ಕೆ ಪೌರತ್ವಕ್ಕೆ ಅರ್ಜಿ ಹಾಕಬಹುದು, ಐದು ತುಂಬುವುದಕ್ಕೆ 90 ದಿನ ಮೊದಲೇ ಹಾಕಲು ಬಿಡುತ್ತಾರೆ. ಆ ಮಧ್ಯೆ ಅಮ್ಮನ ಜೊತೆ ಇರೋಣ ಅಂತ ಧಾರವಾಡಕ್ಕೆ ಬಂದು ಆರು ತಿಂಗಳಿಗಿಂತ ಜಾಸ್ತಿ ಉಳಿಯಬೇಡಿ, ವಾಸದ ಲೆಕ್ಕ ಮುರಿದುಬೀಳಬಹುದು. ಇನ್ನೊಂದು, ಪೂರ್ತಿ ವಾಪಸ್ ಬಂದು ಇಲ್ಲಿನವರಾಗಿ ನೆಲೆಸಿ ದತ್ತು ತೆಗೆದುಕೊಳ್ಳುವುದು. ಆಮೇಲೆ ಅಮೆರಿಕಕ್ಕೆ ಹೋಗಲೇಬೇಕು ಅಂದರೆ, ಮಗುವಿನ ಜೊತೆ ಎರಡು ವರ್ಷ ಬಾಳಿ ತೋರಿಸಿದ ಮೇಲೆ ಗ್ರೀನ್ ಕಾರ್ಡ್ ಇರುವವರು ಐ-130 ಅಂತ ಬೇರೆ ಅರ್ಜಿ ಹಾಕಲು ಅವಕಾಶ ಇದೆ. ಆದರೆ ಎರಡು ವರ್ಷ ಹೊರಗಿದ್ದರೆ ಗ್ರೀನ್ ಕಾರ್ಡನ್ನೇ ಕಳೆದುಕೊಳ್ಳುವ ಅಪಾಯ. ವಲಸೆ ವಕೀಲರನ್ನು ಕೇಳದೆ ಈ ಹಾದಿ ಹಿಡಿಯಬೇಡಿ. ವಾಪಸ್ ಬರುವ ಮನಸ್ಸು ನಿಜವಾಗಿ ಇದ್ದರೆ ಮಾತ್ರ ಇದು ದಾರಿ, ಕಾಗದಕ್ಕೋಸ್ಕರ ಬಂದುಹೋಗುವುದಾದರೆ ಬೇಡ.

ಯಾರೋ ಸಿಟಿಜನ್ ಒಬ್ಬನನ್ನು ಮದುವೆ ಆಗಿಬಿಡು, ಸಮಸ್ಯೆ ಮುಗೀತು ಅಂತ ಹೇಳುವವರೂ ಸಿಗುತ್ತಾರೆ. ಗಂಡ ಹೆಂಡತಿ ದತ್ತು ಕೇಳಬೇಕಾದರೆ ಮದುವೆ ಆಗಿ ಎರಡು ವರ್ಷ ನೆಮ್ಮದಿಯಿಂದ ಸಂಸಾರ ಮಾಡಿರಬೇಕು ಅಂತ ಕಾರಾ ನಿಯಮ ಇದೆ, ಅಷ್ಟರಲ್ಲಿ ನೀವೇ ಪೌರತ್ವಕ್ಕೆ ಅರ್ಜಿ ಹಾಕುವ ಸಮಯ ಹತ್ತಿರ ಬಂದಿರುತ್ತದೆ.

ಕಾಯುವಾಗ ವಯಸ್ಸು ಸುಮ್ನೆ ಕೂರುವುದಿಲ್ಲ. 2022ರ ದತ್ತು ನಿಯಮಗಳ ಪ್ರಕಾರ ಒಂಟಿ ಪೋಷಕರಿಗೆ ಎರಡು ವರ್ಷದೊಳಗಿನ ಮಗು ಬೇಕಾದರೆ ಗರಿಷ್ಠ ವಯಸ್ಸು 40. ಎರಡರಿಂದ ನಾಲ್ಕು ವರ್ಷದ ಮಗುವಿಗೆ 45, ನಾಲ್ಕರಿಂದ ಎಂಟಕ್ಕೆ 50, ಎಂಟು ದಾಟಿದ ಮಕ್ಕಳಿಗೆ 55. ಮಗುವಿಗೂ ನಿಮಗೂ 25 ವರ್ಷದ ಅಂತರ ಇರಬೇಕು ಅನ್ನುವುದು ನಿಮಗೆ ತೊಂದರೆ ಕೊಡುವುದಿಲ್ಲ. ನಿಮಗೆ ಈಗ 41, ಅಂದರೆ ಕೂಸು ಸಿಗುವ ಕಾಲ ಈಗಾಗಲೇ ದಾಟಿದೆ. ಪೌರತ್ವ ಬರುವ ಹೊತ್ತಿಗೆ 44, 45. ಹಾಗಾಗಿ ನಿಮ್ಮ ಮಗು ಶಾಲೆಗೆ ಹೋಗುವ ವಯಸ್ಸಿನದ್ದು ಅಂತಲೇ ಈಗಿನಿಂದ ಯೋಚನೆ ಮಾಡಿ. ತೊಟ್ಟಿಲ ಕನಸು ಇದ್ದರೆ ಅದಕ್ಕೆ ಸ್ವಲ್ಪ ದಿನ ದುಃಖಪಡಿ, ತಪ್ಪಿಲ್ಲ. ಆದರೆ ಆ ದುಃಖ ಮುಗಿಯದೆ ಆರು ವರ್ಷದ ಮಗುವನ್ನು ಮನೆಗೆ ತರಬೇಡಿ.

ದೊಡ್ಡಪ್ಪನ ಮಗ ಹೇಳುವ ನರ್ಸ್ ವಿಷಯಕ್ಕೆ ಬಂದರೆ, ಬೇಡ. ಇದರಲ್ಲಿ ಆದರೆ ಹೋದರೆ ಇಲ್ಲ. ಕಾಯ್ದೆಯ ಕ್ರಮ ಬಿಟ್ಟು ಮಗು ಕೊಡುವುದು, ಪಡೆಯುವುದು ಎರಡಕ್ಕೂ ಮೂರು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ದಂಡ, ಇಲ್ಲವೇ ಎರಡೂ. ದುಡ್ಡು ಕೈ ಬದಲಾಯಿಸಿದರೆ ಅದು ಮಗು ಮಾರಾಟ, ಐದು ವರ್ಷದವರೆಗೆ ಶಿಕ್ಷೆ, ಆಸ್ಪತ್ರೆ ಸಿಬ್ಬಂದಿ ಸೇರಿಕೊಂಡಿದ್ದರೆ ಅವರಿಗೆ ಏಳು ವರ್ಷದವರೆಗೆ. ಅವನು ಮನಸ್ಸಲ್ಲಿ ಇಟ್ಟುಕೊಂಡಿರುವುದು 1956ರ ಹಿಂದೂ ದತ್ತಕ ಕಾಯ್ದೆ ಇರಬೇಕು. ಆ ಕಾಯ್ದೆ ನಿಜವಾದದ್ದೇ, ಅದರಲ್ಲಿ ಮದುವೆ ಆಗದ ಹೆಂಗಸು ದತ್ತು ತೆಗೆದುಕೊಳ್ಳಬಹುದು, ನಮ್ಮ ಅಜ್ಜಿಯರ ಕಾಲದಿಂದ ಮನೆತನಗಳಲ್ಲಿ ನಡೆದುಬಂದದ್ದು. ಆದರೆ ಅದಕ್ಕೆ ಮಗುವಿನ ತಂದೆ ತಾಯಿಯೋ ಪೋಷಕರೋ ತಾವೇ ಎದುರು ನಿಂತು ಕೊಡಬೇಕು. ಗುರುತೇ ಇಲ್ಲದವರ ಮಗುವನ್ನು ನರ್ಸ್ ತಂದುಕೊಟ್ಟರೆ ಅದು ದತ್ತಕ ಅಲ್ಲ. ಅದೆಲ್ಲ ಸರಿಯಾಗಿಯೇ ಆಯಿತು ಅಂದುಕೊಳ್ಳಿ, ಆಗಲೂ ಅಮೆರಿಕದ ವೀಸಾ ಸಿಗುವುದಿಲ್ಲ, ಯಾಕೆಂದರೆ ಹೇಗ್ ದಾರಿಯಲ್ಲಿ ಅನುಮತಿ ಮೊದಲು, ದತ್ತು ಆಮೇಲೆ. ಹಿಂದುಮುಂದಾದರೆ ಮಗು ಇಲ್ಲಿ, ನೀವು ಅಲ್ಲಿ. ಹೀಗೆ ಕೂಸನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗಿ ವರ್ಷಗಟ್ಟಲೆ ವಿಡಿಯೊ ಕಾಲಿನಲ್ಲಿ ಜೋಗುಳ ಹಾಡಿದವರನ್ನು ನೋಡಿದ್ದೇನೆ. ನಿಮಗೆ ಆ ಪಾಡು ಬೇಡ.

ಅದೇ ಕಾರಣಕ್ಕೆ, ಊರಿಗೆ ಬಂದಾಗ ಹುಬ್ಬಳ್ಳಿಯ ಯಾವುದೋ ಆಶ್ರಮಕ್ಕೆ ಹೋಗಿ ಮಗು ನೋಡಿ ಇಷ್ಟಪಟ್ಟುಕೊಂಡು ಬರುವುದೂ ಬೇಡ. ಯಾವ ಮಗು ಯಾರಿಗೆ ಅನ್ನುವುದು ತೀರ್ಮಾನ ಆಗುವ ಮೊದಲು ಹೆತ್ತವರ ಜೊತೆ, ಮಗುವನ್ನು ನೋಡಿಕೊಳ್ಳುವವರ ಜೊತೆ ಸಂಪರ್ಕ ಇರಬಾರದು ಅಂತ ಒಪ್ಪಂದದಲ್ಲೇ ಇದೆ. ಸಂಬಂಧಿಕರ ನಡುವಿನ ದತ್ತಿಗೆ ಮಾತ್ರ ವಿನಾಯಿತಿ. ಒಂದು ಕಾಲದಲ್ಲಿ ಇದೆಲ್ಲ ಇರಲಿಲ್ಲ, ಮಕ್ಕಳನ್ನು ಬೇಕಾಬಿಟ್ಟಿ ಹೊರಗೆ ಕಳಿಸುತ್ತಿದ್ದಾರೆ ಅಂತ ವಕೀಲ ಲಕ್ಷ್ಮೀಕಾಂತ ಪಾಂಡೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು, 1984ರ ತೀರ್ಪು ಬಂತು, 1990ರಲ್ಲಿ ಕಾರಾ ಹುಟ್ಟಿತು. ಈಗ ನಿಮ್ಮನ್ನು ಸತಾಯಿಸುವ ಒಂದೊಂದು ನಿಯಮದ ಹಿಂದೆಯೂ ಯಾವುದೋ ಮಗುವಿನ ಕಥೆ ಇದೆ. ಬೈಯುವಾಗ ಅದೂ ನೆನಪಿರಲಿ.

ಅಕ್ಕನ ಮಗ. ಇದು ಒಳ್ಳೆಯ ಮನಸ್ಸಿನ ಮಾತು, ಕಷ್ಟದ ದಾರಿ. ಬಾಲನ್ಯಾಯ ಕಾಯ್ದೆಯಲ್ಲಿ ಚಿಕ್ಕಮ್ಮ ಸಂಬಂಧಿಕರ ಪಟ್ಟಿಯಲ್ಲಿ ಬರುತ್ತಾಳೆ, ವಿದೇಶದಲ್ಲಿ ಇರುವ ಸಂಬಂಧಿಕರು ದತ್ತು ತೆಗೆದುಕೊಳ್ಳಲು 60ನೇ ಕಲಮೇ ಇದೆ. ಅಡ್ಡಿ ಬರುವುದು ಅಮೆರಿಕದ ಕಡೆಯಿಂದ. ಹೆತ್ತವರು ಇಬ್ಬರೂ ಇದ್ದರೆ ಅವರಿಗೆ ಮಗುವನ್ನು ಸರಿಯಾಗಿ ಸಾಕುವ ಶಕ್ತಿ ಇಲ್ಲ ಅಂತ ತೋರಿಸಬೇಕು. ನಿಮ್ಮ ಅಕ್ಕ ಭಾವ ದುಡಿದು ತಿನ್ನುವ ಗಟ್ಟಿ ಜನ ಆಗಿದ್ದರೆ ಅದು ಆಗುವ ಮಾತಲ್ಲ, ಸುಳ್ಳು ಬರೆಸಬೇಡಿ. ಕಾನೂನು ಬಿಡಿ, ಅಣ್ಣ ಮನೆಯಲ್ಲಿ ಉಳಿದು ತನ್ನನ್ನು ಮಾತ್ರ ಯಾಕೆ ಕೊಟ್ಟರು ಅಂತ ಆ ಹುಡುಗ ಹದಿನೈದನೇ ವಯಸ್ಸಿಗೆ ಕೇಳಿದರೆ ಉತ್ತರ ಕೊಡುವವರು ಯಾರು?

ನೀವು ಅನಾಥ ಮಗು ಅಂತ ಬರೆದಿದ್ದೀರಿ. ತಂದೆ ತಾಯಿ ಇಬ್ಬರೂ ತೀರಿಹೋದ ಮಗು ಅಂತ ನಾವು ಅರ್ಥ ಮಾಡಿಕೊಳ್ಳುತ್ತೇವೆ. ದತ್ತು ಸಂಸ್ಥೆಗಳಲ್ಲಿರುವ ಎಷ್ಟೋ ಮಕ್ಕಳು ಹಾಗಲ್ಲ. ಯಾರೋ ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯಲ್ಲೋ ಬಿಟ್ಟುಹೋದವರು, ಇಲ್ಲವೇ ಹೆತ್ತವಳೇ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದು ಒಪ್ಪಿಸಿಹೋದವರು. ಒಪ್ಪಿಸಿದವಳಿಗೆ ಮನಸ್ಸು ಬದಲಾಯಿಸಲು ಎರಡು ತಿಂಗಳು ಕೊಡುತ್ತಾರೆ. ಬಿಟ್ಟುಹೋದ ಮಗುವಿನ ಮನೆಯವರನ್ನು ಹುಡುಕಿ, ಎರಡು ವರ್ಷದೊಳಗಿನದ್ದಾದರೆ ಎರಡು ತಿಂಗಳಲ್ಲಿ, ದೊಡ್ಡದಾದರೆ ನಾಲ್ಕು ತಿಂಗಳಲ್ಲಿ ಸಮಿತಿ ಅದನ್ನು ದತ್ತಿಗೆ ಮುಕ್ತ ಅಂತ ಘೋಷಿಸುತ್ತದೆ. ಅಂದರೆ ನಿಮ್ಮ ಮಗುವಿನ ತಾಯಿ ಎಲ್ಲೋ ಬದುಕಿರಬಹುದು. ಐದಾರು ವರ್ಷದ ಮಗುವಿಗಾದರೆ ಅವಳ ಮುಖವೂ ನೆನಪಿರಬಹುದು, ತಮ್ಮನ ಹೆಸರು, ಮನೆಯ ಮುಂದಿನ ನಲ್ಲಿ, ಯಾರೋ ಹೊಡೆದದ್ದು. 'ನಿನಗೆ ಯಾರೂ ಇರಲಿಲ್ಲ, ಅದಕ್ಕೆ ನಾನು ಬಂದೆ' ಅಂತ ಮಾತ್ರ ಯಾವತ್ತೂ ಹೇಳಬೇಡಿ. ಆ ಮಗುವಿಗೆ ಯಾರೋ ಇದ್ದರು.

ಕಾಯುವ ಸಾಲಿನ ಬಗ್ಗೆ. 2024-25ರಲ್ಲಿ ಕಾರಾ ಮೂಲಕ ಆದ ದತ್ತು 4,515, ಅದರಲ್ಲಿ 4,155 ದೇಶದೊಳಗೇ. ಉಳಿದ ಮುನ್ನೂರ ಅರವತ್ತೇ ಹೊರಗೆ ಹೋದದ್ದು. ಆರೋಗ್ಯವಂತ ಸಣ್ಣ ಮಗುವಿಗೆ ಇಲ್ಲಿನ ದಂಪತಿಗಳೇ ವರ್ಷಗಟ್ಟಲೆ ಕಾಯುತ್ತಿರುವಾಗ ಹೊರಗೆ ಹೋಗುವವರು ಯಾರು ಹೇಳಿ? ದೊಡ್ಡ ಮಕ್ಕಳು, ಅಣ್ಣ ತಂಗಿ ಜೋಡಿ, ಏನಾದರೂ ಆರೋಗ್ಯದ ತೊಂದರೆ ಇರುವವರು. ಐದು ವರ್ಷ ದಾಟಿದವರು, ಒಡಹುಟ್ಟಿದವರು, ಅಂಗವೈಕಲ್ಯ ಇರುವವರಿಗೆ ವಿದೇಶಿ ದತ್ತಿನಲ್ಲಿ ಆದ್ಯತೆ ಕೊಡಬಹುದು ಅಂತ ಕಾಯ್ದೆಯೇ ಹೇಳುತ್ತದೆ. ವಿಶೇಷ ಅಗತ್ಯದ ಮಗು ಅಂದ ಕೂಡಲೇ ಹೆದರಬೇಡಿ. ಸೀಳುತುಟಿಯೂ ಆ ಪಟ್ಟಿಯಲ್ಲಿ ಬರುತ್ತದೆ, ಪಾದ ತಿರುಚಿಕೊಂಡಿರುವುದೂ ಬರುತ್ತದೆ, ಹೃದಯದಲ್ಲಿ ಸಣ್ಣ ತೂತೂ ಬರುತ್ತದೆ, ಜೀವಮಾನ ಪೂರ್ತಿ ಆರೈಕೆ ಬೇಕಾದದ್ದೂ ಬರುತ್ತದೆ. ಯಾವುದಕ್ಕೆ ನೀವು ಸೈ, ಯಾವುದು ನಿಮ್ಮ ಕೈಲಾಗದು ಅನ್ನುವುದನ್ನು ಈಗಲೇ ಒಂದು ಹಾಳೆಯಲ್ಲಿ ಪ್ರಾಮಾಣಿಕವಾಗಿ ಬರೆದಿಡಿ. ಒಬ್ಬರೇ ದುಡಿದು ಒಬ್ಬರೇ ಆಸ್ಪತ್ರೆಗೆ ಓಡುವ ಮನೆ ನಿಮ್ಮದು. ಆಗಲ್ಲ ಅನ್ನುವುದು ಕಲ್ಲುಮನಸ್ಸಲ್ಲ.

ಬೇರೆ ದೇಶ ನೋಡಲೇ ಅಂತ ಯೋಚನೆ ಬಂದಿದ್ದರೆ, ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿವೆ. ಇಥಿಯೋಪಿಯ 2018ರಲ್ಲಿ ನಿಲ್ಲಿಸಿತು, ಚೀನಾ 2024ರಲ್ಲಿ. ಅಮೆರಿಕಕ್ಕೆ 2004ರಲ್ಲಿ ಸುಮಾರು 23 ಸಾವಿರ ಮಕ್ಕಳು ದತ್ತಾಗಿ ಬಂದಿದ್ದರು, 2023ರಲ್ಲಿ ಸಾವಿರದ ಮುನ್ನೂರೂ ದಾಟಲಿಲ್ಲ.

ನಾಗರಿಕತ್ವ ಬಂದ ಮೇಲೆ ಕೆಲಸ ಹೀಗೆ ಸಾಗುತ್ತದೆ. ಏಜೆನ್ಸಿ ನಿಮ್ಮ ಮನೆಗೆ ಬಂದು ಗೃಹ ಅಧ್ಯಯನ ಮಾಡುತ್ತದೆ, ಅದರ ಮೇಲೆ ಐ-800ಎ ಮಂಜೂರಾಗುತ್ತದೆ, ಫೈಲು ಕಾರಾಕ್ಕೆ ಬರುತ್ತದೆ. ಸರದಿ ಬಂದಾಗ ಮಗುವಿನ ವಿವರ ತೋರಿಸುತ್ತಾರೆ, ಕಾಯ್ದಿರಿಸಲು 96 ಗಂಟೆ, ಒಪ್ಪಿ ಸಹಿ ಹಾಕಲು 30 ದಿನ. ಆ 30 ದಿನ ಪೂರ್ತಿ ಬಳಸಿಕೊಳ್ಳಿ, ವೈದ್ಯಕೀಯ ವರದಿಯನ್ನು ದತ್ತು ಮಕ್ಕಳನ್ನು ನೋಡಿ ಅನುಭವ ಇರುವ ಅಲ್ಲಿನ ಮಕ್ಕಳ ಡಾಕ್ಟರಿಗೆ ತೋರಿಸಿ, ಹೊಸ ವಿಡಿಯೊ ಕೇಳಿ, ಫೋಟೊ ನೋಡಿ ಕರಗಿ ಅದೇ ರಾತ್ರಿ ಸಹಿ ಹಾಕಬೇಡಿ. ಆಮೇಲೆ ಆ ಮಗುವಿನ ಹೆಸರಲ್ಲಿ ಐ-800 ಅನ್ನುವ ಎರಡನೇ ಅರ್ಜಿ, ದೆಹಲಿಯ ಅಮೆರಿಕ ರಾಯಭಾರ ಕಚೇರಿಯ ಒಪ್ಪಿಗೆ ಪತ್ರ, ಕಾರಾದ ನಿರಾಕ್ಷೇಪಣಾ ಪತ್ರ. ಕೊನೆಗೆ ದತ್ತು ಆದೇಶ ಕೊಡುವುದು ಜಿಲ್ಲಾಧಿಕಾರಿ. ಮೊದಲು ಕೋರ್ಟು ಕೊಡುತ್ತಿತ್ತು, 2022ರ ಸೆಪ್ಟೆಂಬರ್‌ನಿಂದ ಡಿಸಿ ಕಚೇರಿಗೆ ಬಂದಿದೆ. ಮಗುವಿನ ಮನಸ್ಸಿಗೆ ಏನು ಬೇಕು ಅಂತಲೂ ಅಲ್ಲಿ ನೋಡುತ್ತಾರೆ, ಅದು ನನಗೆ ಇಷ್ಟವಾದ ಭಾಗ. ಮಗು ದತ್ತು ಮಕ್ಕಳಿಗೆ ಕೊಡುವ ಐಎಚ್-3 ವೀಸಾದಲ್ಲಿ ನಿಮ್ಮ ಜೊತೆ ವಿಮಾನ ಇಳಿದ ಕೂಡಲೇ ಅಮೆರಿಕದ ಪ್ರಜೆ. ಎರಡು ವರ್ಷ ಏಜೆನ್ಸಿಯವರು ಮನೆಗೆ ಬಂದು ಕಾರಾಕ್ಕೆ ವರದಿ ಕಳಿಸುತ್ತಾರೆ, ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೇ ವರ್ಷ ಆರು ತಿಂಗಳಿಗೊಮ್ಮೆ. ಖರ್ಚಿನಲ್ಲಿ ಇಲ್ಲಿನ ದತ್ತು ಸಂಸ್ಥೆಗೆ ಕೊಡುವುದು 5,000 ಡಾಲರ್, ಅಮೆರಿಕದ ಏಜೆನ್ಸಿಯದ್ದು ಅದಕ್ಕಿಂತ ತುಂಬಾ ಜಾಸ್ತಿ. ರಸೀದಿ ಇಲ್ಲದೆ ಯಾರು ಕೇಳಿದರೂ ಕೊಡಬೇಡಿ, 'ದೇಣಿಗೆ' ಅಂದರೂ ಕೊಡಬೇಡಿ.

ಇನ್ನೊಂದು. ಧಾರವಾಡದ ಮಗು, ಕನ್ನಡ ಮಾತಾಡುವ ಮಗು ಅಂತ ಮನಸ್ಸಲ್ಲಿ ಇಟ್ಟುಕೊಂಡಿದ್ದೀರಿ ಅನ್ನಿಸುತ್ತದೆ. ಸಿಕ್ಕರೆ ಚೆನ್ನ, ಆದರೆ ಒಡಿಶಾದ ಮಗುವೂ ಬರಬಹುದು, ಮಹಾರಾಷ್ಟ್ರದ್ದೂ ಬರಬಹುದು. ಆಗ ನೀವೇ ಕುಳಿತು ಅದರ ಭಾಷೆಯ ಐವತ್ತು ಮಾತು ಕಲಿಯಿರಿ. ಹಸಿವು, ನೋವು, ಹೆದರಿಕೆ, ಸಾಕು, ಇಲ್ಲೇ ಇದ್ದೇನೆ. ಮೊದಲ ತಿಂಗಳಿಗೆ ಅಷ್ಟು ಸಾಕಾಗುತ್ತದೆ.

ಅಮ್ಮ ಬೇಡ ಅನ್ನುತ್ತಾಳೆ ಅಂದಿರಿ. ಯಾಕೆ ಅಂತ ಬರೆದಿಲ್ಲ. ಜನ ಏನಂತಾರೆ ಅಂತಲೋ, ಮಗುವಿನ ಜಾತಿ ಗೊತ್ತಿಲ್ಲ ಅಂತಲೋ, ಅಥವಾ ನಾಳೆ ನಿನಗೇನಾದರೂ ಆದರೆ ಆ ಮಗುವಿನ ಗತಿ ಏನು ಅಂತಲೋ? ಮೊದಲ ಎರಡಕ್ಕೆ ನನ್ನ ಹತ್ತಿರ ಮದ್ದಿಲ್ಲ, ಮೊಮ್ಮಗು ಬಂದು ಮಡಿಲಲ್ಲಿ ಕೂತಾಗ ತಾನಾಗಿ ಕರಗಿದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ, ಕರಗದೇ ಇದ್ದದ್ದನ್ನೂ ನೋಡಿದ್ದೇನೆ. ಮೂರನೆಯದ್ದು ಸರಿಯಾದ ಪ್ರಶ್ನೆ. ಗೃಹ ಅಧ್ಯಯನಕ್ಕೆ ಬರುವವರೂ ಅದನ್ನೇ ಕೇಳುತ್ತಾರೆ, ನಿಮಗೆ ಜ್ವರ ಬಂದರೆ ಮಗುವನ್ನು ಶಾಲೆಗೆ ಬಿಡುವವರು ಯಾರು, ಕೆಲಸ ಹೋದರೆ ಹೇಗೆ, ಮುಂದೆ ಮದುವೆ ಆದರೆ ಹೇಗೆ ಅಂತ. ಸಿಟ್ಟು ಮಾಡಿಕೊಳ್ಳಬೇಡಿ, ಹೆಸರು ಹಿಡಿದು ಉತ್ತರ ಕೊಡಿ. ಒಂಟಿ ಪೋಷಕರಿಂದ ಕಾರಾ ಒಂದು ಮುಚ್ಚಳಿಕೆ ಕೇಳುತ್ತದೆ, ನಿಮಗೇನಾದರೂ ಆದರೆ ಮಗುವನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಹತ್ತಿರದ ಸಂಬಂಧಿಕರೊಬ್ಬರು ಬರೆದುಕೊಡಬೇಕು. ಮಗನನ್ನೇ ಕರ್ಕೊಂಡು ಹೋಗು ಅಂದ ಅಕ್ಕ ಇದ್ದಾಳಲ್ಲ, ಈ ಭಾನುವಾರ ಫೋನ್ ಮಾಡಿ ಅವಳನ್ನು ಕೇಳಿ, ಮಗ ಬೇಡ ಅಕ್ಕಾ, ಒಂದು ಸಹಿ ಹಾಕ್ತೀಯಾ ಅಂತ. ಅಮ್ಮನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲು ಹೇಳಿ.